ಟೊಂಕದ ಮಾಸ್ತರ

ಪೇಚಿನ ಪ್ರಸಂಗಗಳು ನಮ್ಮ ಕೆಲಸದಲ್ಲಿ ನಡೆಯುತ್ತಲೇ ಇರುತ್ತವೆ. ಹಾಸಿಗೆಯಲ್ಲಿ ಮಲಗಿದವರು ಬೀಳುವುದು ಕಡಿಮೆ, ಅವರನ್ನು ಸರಿಯಾಗಿ ಮಲಗಿಸಲು ಹೋದವರು ಬೀಳುವುದೇ ಜಾಸ್ತಿ. ಹದಿನಾರು ವರ್ಷದಿಂದ ನಾನು ದವಾಖಾನೆಗಳಲ್ಲಿ ಗಂಡು ನರ್ಸು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಕೆಲಸ ಮಾಡಿದ್ದೇನೆ. ಯಾವ ಪ್ರಸಂಗ ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ಮೂರೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಇನ್ನೂ ಮುಖ ತೋರಿಸಬೇಕಾಗಿದೆ.

ಹಾಸಿಗೆ ಹಿಡಿದವರಿಗೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲವಾದರೆ ಬೆನ್ನಿಗೆ ಹುಣ್ಣಾಗುತ್ತದೆ. ಬದಲಿಸುವವರು ತಪ್ಪಾಗಿ ಎತ್ತಿದರೆ ಅವರ ಸೊಂಟ ಹೋಗುತ್ತದೆ. ಇದನ್ನೇ ಈಗ ನಾನು ಊರೂರು ತಿರುಗಿ ಕಲಿಸುತ್ತೇನೆ. ನಮ್ಮ ಕಡೆ ಸೊಂಟಕ್ಕೆ ಟೊಂಕ ಎನ್ನುತ್ತಾರೆ, ಹಾಗಾಗಿ ನನಗೆ 'ಟೊಂಕದ ಮಾಸ್ತರ' ಎಂದು ಹೆಸರು ಬಿದ್ದಿದೆ. ಮೊದಮೊದಲು ಆ ಹೆಸರು ಕೇಳಿದರೆ ಮೀಸೆ ತಿರುವುತ್ತಿದ್ದೆ. ಈಗ ತಲೆ ತಗ್ಗಿಸುತ್ತೇನೆ. ಮಂದಿಯ ಸೊಂಟ ಕಾಯುತ್ತ ತಿರುಗುವ ಮಾಸ್ತರನ ಮನೆಯಲ್ಲೇ ಒಂದು ಸೊಂಟ ದಿನಾ ಸವೆಯುತ್ತಿತ್ತು, ಮಾಸ್ತರನಿಗೆ ಸುಳಿವೇ ಇರಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲಿಗೇ ಹೇಳುವ ಧೈರ್ಯ ನನಗಿಲ್ಲ.

೧. ಗುಂಡುಕಲ್ಲು

ನನ್ನ ಊರು ವಡಗೇರಾ ಕಡೆಯದು. ಕಾರಹುಣ್ಣಿಮೆಗೆ ನಮ್ಮಲ್ಲಿ ಗುಂಡುಕಲ್ಲು ಎತ್ತುವ ಪಂದ್ಯ. ಅಂಗೈಗೆ ಮಣ್ಣು ಸವರಿಕೊಂಡು ಕಲ್ಲನ್ನು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಭುಜಕ್ಕೆ ತಂದು ಹಿಂದಕ್ಕೆ ಒಗೆಯಬೇಕು. ಮೂರು ವರ್ಷ ನಾನೇ ಗೆದ್ದಿದ್ದೆ. ನರ್ಸಿಂಗ್ ಕಲಿತು ವಾರ್ಡಿಗೆ ಬಂದಾಗ ಕಲ್ಲು ಊರಲ್ಲಿ ಉಳಿಯಿತು, ಸೊಕ್ಕು ನನ್ನ ಜೊತೆಗೇ ಬಂತು.

ವಾರ್ಡಿನ ಹಿರಿಯ ಸಿಸ್ಟರು ನನ್ನ ಅರ್ಧ ತೂಕದವರು. ಸೇರಿದ ದಿನವೇ ಹೇಳಿದ್ದರು: "ನೋಡಪಾ, ಪೇಷಂಟಗ ಎತ್ತಬಾರದು, ಜಾರಸಬೇಕು. ಒಬ್ಬರು ಹೋಗಬಾರದು, ಇಬ್ಬರು ಹೋಗಬೇಕು. ಮಂಚ ನಿನ್ನ ಟೊಂಕದ ಮಟ್ಟಕ್ಕ ಬರಲಿ. ಬಗ್ಗೋದಿದ್ರ ಮೊಳಕಾಲು ಬಗ್ಗಲಿ, ಬೆನ್ನು ಬಗ್ಗಬಾರದು."

ನಾನು ಹೂಂ ಎಂದೆ. ಒಳಗೆ ಮಾತ್ರ, ಇವು ಕಡ್ಡಿಯಂಥ ಮಂದಿಗೆ ಹೇಳುವ ಮಾತು ಅಂದುಕೊಂಡೆ.

ಮಾರನೇ ದಿನ ಕಾಲು ಮುರಿದುಕೊಂಡ ಬಸ್ ಕಂಡಕ್ಟರನೊಬ್ಬ ಹಾಸಿಗೆಯಲ್ಲಿ ಕೆಳಗೆ ಜಾರಿ ಜಾರಿ ಅವನ ಪಾದ ಮಂಚದ ಆಚೆ ಹೋಗಿತ್ತು. ಅವನನ್ನು ಮೇಲೆ ಸರಿಸಬೇಕು. ಆಯಾ, "ತಡೀರಿ ಸರ್, ಚಾದರ ತರ್ತೀನಿ, ಇಬ್ಬರೂ ಕೂಡಿ ಜಗ್ಗೋಣು" ಎಂದಳು. ಸುತ್ತ ನೋಡಿದೆ. ಅವನನ್ನು ನೋಡಲು ಬಂದ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಮಂದಿ ನಿಂತರೆ ಕಲ್ಲೆತ್ತುವವನ ಕೈ ಕಡಿಯುತ್ತದೆ. "ಚಾದರ ಯಾಕ? ನಾ ಒಬ್ಬನ ಸಾಕು" ಎಂದವನೇ ಬಗ್ಗಿ, ಕಂಡಕ್ಟರನ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟೆ.

ಕಲ್ಲಿಗೂ ಕಂಡಕ್ಟರನಿಗೂ ಒಂದು ವ್ಯತ್ಯಾಸವಿದೆ. ಕಲ್ಲು ಹೆದರುವುದಿಲ್ಲ. ಈತ ಹೆದರಿ ನನ್ನ ಕುತ್ತಿಗೆಗೆ ಜೋತುಬಿದ್ದ. ನನ್ನ ಸೊಂಟದಲ್ಲಿ ಕಟ್ ಎಂದಿತು. ಮೇಲೇಳಲೂ ಆಗದು, ಬಗ್ಗಲೂ ಆಗದು, ಅವನನ್ನು ಬಿಡಲೂ ಆಗದು. ಹಾಗೇ ನಿಂತೆ. ಮಂದಿ ಇದೂ ಆಟದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ, "ಶಹಬ್ಬಾಸ್! ಭುಜಕ್ಕ ತಗೊಂಡ್ ಹಿಂದಕ ಒಗೀಯಪಾ!" ಎಂದು ಕೂಗಿದ. ನನ್ನ ಎದೆಗೆ ಒರಗಿದ್ದ ಕಂಡಕ್ಟರ್ ಮಾತ್ರ ವಿಷಯ ತಿಳಿದವನು. ಬಾಗಿಲ ಕಡೆ ತಿರುಗಿ, "ಸಿಸ್ಟರ್, ಜರಾ ಬರ್ರಿ. ಗಾಡಿ ನಡುರಸ್ತೆದಾಗ ಕೆಟ್ಟು ನಿಂತದ" ಎಂದು ಕರೆದ.

ಸಿಸ್ಟರೂ ಆಯಾನೂ ಸೇರಿ ಮೊದಲು ಅವನನ್ನು ಇಳಿಸಿದರು. ಆಮೇಲೆ ಅದೇ ಚಾದರದ ಮೇಲೆ ನನ್ನನ್ನು ಪಕ್ಕದ ಮಂಚಕ್ಕೆ ಜಾರಿಸಿದರು. ಇಬ್ಬರೂ ಉಸಿರು ಸಹ ಬಿಗಿಹಿಡಿಯಲಿಲ್ಲ. ಗುಂಡುಕಲ್ಲಿನ ಪೈಲ್ವಾನ ಚಾವಣಿಯ ಫ್ಯಾನು ನೋಡುತ್ತ ಮಲಗಿದ. ಎಲ್ಲರೂ ಹೋದ ಮೇಲೆ ಕಂಡಕ್ಟರ್ ನನ್ನ ಕಡೆ ಹೊರಳಿ ಕೇಳಿದ: "ನಂದು ಆರು ವಾರದ ಟಿಕೆಟ್ ಅದರಿ. ನಿಮ್ದು ಎಲ್ಲಿ ತನಕ?"

೨. ಲಾಭ

ಸೊಂಟ ರಿಪೇರಿಯಾಗಿ ಎದ್ದ ಮೇಲೆ ಸಿಸ್ಟರು ನನಗೆ ಒಂದು ಶಿಕ್ಷೆ ಕೊಟ್ಟರು. "ಇನ್ನ ಮ್ಯಾಲ ಪೇಷಂಟಿನ ಮನಿಮಂದಿಗೆ ನೀನ ಕಲಸು. ಕಲಿಸಿ ಕಲಿಸಿ ನಿನ್ನ ತಲ್ಯಾಗೂ ಇಳೀತದ." ಹೀಗೆ ನಾನು ಮಾಸ್ತರನಾದೆ.

ಚಪ್ಪೆ, ಅಂದರೆ ತೊಡೆಯ ಕೀಲಿನ ಆಪರೇಶನ್ ಆಗಿದ್ದ ಒಬ್ಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳು. ದೊಡ್ಡವರಿಬ್ಬರು ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲರು, ದಿನವೆಲ್ಲ ಚೀಲ ಹೊರುವವರು. ಸಣ್ಣವರಿಬ್ಬರು ಆಫೀಸಿನಲ್ಲಿ ಗುಮಾಸ್ತರು. ಅಜ್ಜನ ಕೆಳಗೆ ಚಾದರ ಹಾಸಿ, ಆ ಕಡೆ ಹಮಾಲರನ್ನು, ಈ ಕಡೆ ಗುಮಾಸ್ತರನ್ನು ನಿಲ್ಲಿಸಿದೆ. ಮೊಳಕಾಲು ಬಗ್ಗಿಸುವುದು, ಚಾದರದ ಅಂಚು ಸುತ್ತಿ ಹಿಡಿಯುವುದು, ಎಲ್ಲ ಹೇಳಿಕೊಟ್ಟೆ. ಮಂಚವನ್ನೂ ಸೊಂಟದ ಮಟ್ಟಕ್ಕೆ ಏರಿಸಿದೆ. ಯಾವ ಎಣಿಕೆಗೆ ಜಗ್ಗಬೇಕು ಎಂಬುದೊಂದನ್ನು ಹೇಳುವುದು ಮರೆತೆ.

ನಮ್ಮ ಕಡೆ ಕಾಳು ಅಳೆಯುವಾಗ, ಚೀಲ ಎಣಿಸುವಾಗ 'ಒಂದು' ಎನ್ನುವುದಿಲ್ಲ. ಮೊದಲನೆಯದಕ್ಕೆ 'ಲಾಭ' ಎಂದು, ಆಮೇಲೆ ಎರಡು, ಮೂರು. ನಾನೂ ಅದೇ ಮಣ್ಣಿನವನು. ಬಾಯಿ ತೆರೆದರೆ ರೂಢಿ ಹೊರಗೆ ಬಂತು.

"ಲಾಭ..." ಎಂದೆ.

ಗಂಜಿನಲ್ಲಿ ಲಾಭ ಎನ್ನುವಷ್ಟರಲ್ಲಿ ಮೊದಲನೇ ಚೀಲ ಹಮಾಲನ ಹೆಗಲ ಮೇಲಿರಬೇಕು. ಹಮಾಲರಿಬ್ಬರೂ ಒಂದೇ ಏಟಿಗೆ ಜಗ್ಗಿದರು. ಗುಮಾಸ್ತರು ಮೂರರ ತನಕ ಕಾಯುತ್ತ ಚಾದರ ಸಡಿಲಾಗಿ ಹಿಡಿದು ನಿಂತಿದ್ದರು. ಅಜ್ಜ ಉರುಳಿ ಹೋಗಿ ದೊಡ್ಡ ಮಗನ ಎದೆಯನ್ನು ಅಪ್ಪಿಕೊಂಡ. ಪುಣ್ಯಕ್ಕೆ ಅಜ್ಜನಿಗೆ ಏನೂ ಆಗಲಿಲ್ಲ. ಎರಡನೇ ಹಮಾಲನ ಸೊಂಟ ಮಾತ್ರ ಹಿಡಿದುಕೊಂಡಿತು. ದಿನಕ್ಕೆ ನೂರು ಚೀಲ ಹೊತ್ತರೂ ಏನೂ ಆಗದಿದ್ದ ಸೊಂಟ, ನನ್ನ ಪಾಠ ಕೇಳಿ ಒಂದು ಅಪ್ಪನನ್ನು ಜಗ್ಗಿದ್ದಕ್ಕೆ ನಾಲ್ಕು ದಿನ ಗಂಜಿಗೆ ಹೋಗಲಿಲ್ಲ. ಅವನು ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿದಾಗಲೆಲ್ಲ ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಆವತ್ತು ಅಜ್ಜ ಉರುಳಿದ ಗಳಿಗೆಯಲ್ಲಿ ಒಬ್ಬ ಗುಮಾಸ್ತ ಮಗ, "ಸರ್, ಮೂರು ಅಂದೇ ಇಲ್ಲಲ್ರಿ?" ಎಂದು ಕೇಳಿದ. ಅಜ್ಜ ದೊಡ್ಡ ಮಗನ ಎದೆಯಿಂದಲೇ ಹೇಳಿದ: "ಲಾರಿ ಲೋಡ್ ಇಲ್ಲಪಾ ತಮ್ಮಾ, ಇರೋದು ಒಂದ ಚೀಲ. ಇಷ್ಟ್ಯಾಕ ಅವಸರ?"

೩. ಸೆರಗು

ಮನೆಗೆ ಹೋಗಿ ಕಲಿಸುವುದೂ ಶುರುವಾಯಿತು. ಅಬ್ಬೆತುಮಕೂರು ದಾಟಿ ಒಂದು ಹಳ್ಳಿ. ಮಾವನಿಗೆ ಒಂದು ಕಡೆ ಲಕ್ವಾ ಹೊಡೆದಿತ್ತು. ನೋಡಿಕೊಳ್ಳುವವಳು ಸೊಸೆ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬ್ಯಾಗಿನಿಂದ ದವಾಖಾನೆಯ ಚಿತ್ರದ ಹಾಳೆ ತೆಗೆದು, ಅದರಲ್ಲಿದ್ದ ಹಾಗೆಯೇ, "ಒಂದು ಕೈ ಭುಜಕ್ಕ, ಒಂದು ಕೈ ಚಪ್ಪಿಗೆ ಹಚ್ಚಿ ನಿಮ್ಮ ಕಡೆ ಹೊರಳಸ್ರಿ" ಎಂದೆ. ಆಕೆ ಒಂದು ಕೈಯಲ್ಲಿ ಸೆರಗು ಹಿಡಿದು, ಮುಖ ಆಚೆ ತಿರುಗಿಸಿ, ಇನ್ನೊಂದು ಕೈ ಚಾಚಿದಳು. ಸೊಂಟ ತಿರುಚಿ ನಿಂತು ಒಂದೇ ಕೈಯಲ್ಲಿ ಆಳನ್ನು ಎಳೆಯುವುದೆಂದರೆ ಸೊಂಟ ಹೋಗಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

"ಎರಡೂ ಕೈ ತಗೋರಿ!" ಎಂದೆ.

ಎರಡೂ ಕೈ ತೆಗೆದುಕೊಂಡಳು. ಸೆರಗು ಜಾರಿತು. ಮಾವ ಮರ್ಯಾದೆಗೆ ಗಟ್ಟಿಯಾಗಿ ಕಣ್ಣು ಮುಚ್ಚಿದ. ಆಕೆ ಅವನನ್ನು ಬಿಟ್ಟು ಸೆರಗು ಹಿಡಿದಳು. ಮಾವ ಮೊದಲಿದ್ದಲ್ಲಿಗೇ ದೊಪ್ಪನೆ ಬಿದ್ದ. ಹೀಗೆ ಮೂರು ಸಲ. ಮೂರನೇ ಸಲ ನನಗೆ ರೇಗಿತು. "ಕಲಿಯೋ ಮನಸ ಇಲ್ಲಂದ್ರ ನಾನ್ಯಾಕ ಇಷ್ಟು ದೂರ ಬರಬೇಕು? ನಾಳಿ ಟೊಂಕ ಹಿಡಕೊಂಡು ನನ್ನ ಹಂತ್ಯಾಕ ಬರಬ್ಯಾಡ್ರಿ!" ಎಂದು ದನಿ ಎತ್ತಿದೆ. ಆಕೆಯ ಕಣ್ಣಲ್ಲಿ ನೀರು ಬಂತು. ಅದನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ.

ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಮೊರ ಕೆಳಗಿಟ್ಟಳು. "ಮಾಸ್ತರ, ಮೈಗೆ ಯಾಕ ಕೈ ಹಚ್ಚಬೇಕು? ಕೆಳಗ ಕೌದಿ ಹಾಸಿ ಅದನ್ನ ಜಗ್ಗಿದ್ರ ಆಗಂಗಿಲ್ಲೇನು?"

ಹಳೇ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ ಇಲ್ಲದ ಮನೆ ನಮ್ಮ ಕಡೆ ಇಲ್ಲ. ದವಾಖಾನೆಯಲ್ಲಿ ಸಿಸ್ಟರ್ ನನಗೆ ಮೊದಲ ದಿನ ಹೇಳಿದ್ದ ಚಾದರದ ಕೆಲಸ ಇದೇ. ಮನೆಗೆ ಬರುವಷ್ಟರಲ್ಲಿ ಮಾಸ್ತರ ಅದನ್ನು ಮರೆತು ಹಾಳೆಯಲ್ಲಿದ್ದ ಚಿತ್ರ ಓದುತ್ತಿದ್ದ. ಅತ್ತೆ ಎದ್ದು ಬಂದು ಸೊಸೆಯ ಸೆರಗನ್ನು ತಲೆ ಸುತ್ತಿ ಬಿಗಿದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೌದಿ ಹಾಸಿದರು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ. ಇಬ್ಬರೂ ಒಟ್ಟಿಗೆ ಹೂಂ ಎಂದರು. ಮಾವ ಸುಮ್ಮನೆ ಜಾರಿ ದಿಂಬಿನ ಮೇಲೆ ಬಂದು, ಕಣ್ಣು ಬಿಟ್ಟು, ನನ್ನನ್ನು ನೋಡಿ ಅರ್ಧ ಬಾಯಲ್ಲಿ ನಕ್ಕ.

"ಯವ್ವಾ, ಇದನ್ನ ಎಲ್ಲಿ ಕಲತಿ?" ಎಂದೆ.

"ಕಲಿಯೋದೇನದ? ಮಾಳಗಿ ಮ್ಯಾಲ ಸೀರಿ ಹಾಸಿ ಒಣಹಾಕಿದ ಹಪ್ಪಳ ನೆಳ್ಳಿಗೆ ಹಿಂಗ ಜಗ್ಗತೀವಿ. ಮೂವತ್ತು ವರ್ಷ ಆತು, ಇನ್ನಾ ಒಂದೂ ಮುರದಿಲ್ಲ."

೪. ಮುಲಾಮು

ಈಗ ನಮ್ಮ ಮನೆಗೆ ಬರುತ್ತೇನೆ. ಮನೆ ಶಹಾಪುರದಲ್ಲಿ. ಒಂಬತ್ತು ತಿಂಗಳ ಹಿಂದೆ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಚಪ್ಪೆ ಮುರಿದುಕೊಂಡು ಹಾಸಿಗೆ ಹಿಡಿದಳು. ಕಣ್ಣೂ ಮಂಜಾಗಿವೆ. ಮನೆಯಲ್ಲಿ ನಾನು, ಅವ್ವ, ಹೆಂಡತಿ, ಮೂವರೇ. ನಾನು ಮುಂಜಾನೆ ವಾರ್ಡಿಗೆ, ಅಲ್ಲಿಂದ ಹಳ್ಳಿಗಳಿಗೆ, ರಜೆಯ ದಿನ ತರಬೇತಿ ಕ್ಯಾಂಪುಗಳಿಗೆ. ಮನೆಗೆ ಬಂದಾಗ ಅವ್ವ ನೆಟ್ಟಗೆ, ಸ್ವಚ್ಛವಾಗಿ, ಬಲ ಮಗ್ಗಲಿಗೋ ಎಡ ಮಗ್ಗಲಿಗೋ ಮಲಗಿರುತ್ತಿದ್ದಳು. "ಎಲ್ಲಾ ಬರೋಬರಿ ಅದ?" ಎಂದು ಕೇಳುತ್ತಿದ್ದೆ. ಹೆಂಡತಿ "ಹೂಂ" ಎನ್ನುತ್ತಿದ್ದಳು. ಎಂಟು ತಿಂಗಳಲ್ಲಿ ಮೈಮೇಲೆ ಒಂದು ಹುಣ್ಣಿಲ್ಲ. ವಾರ್ಡಿನಲ್ಲಿ ಇದನ್ನು ನನ್ನ ಹೆಗ್ಗಳಿಕೆಯೆಂಬಂತೆ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಹೆಂಡತಿ, "ಬರೋವಾಗ ಬೆನ್ನು ನೋವಿನ ಮುಲಾಮು ತರ್ರಿ" ಎಂದಳು. ತಂದೆ. ಮುಂದಿನ ತಿಂಗಳು ಮತ್ತೊಂದು. ಅದರ ಮುಂದಿನ ತಿಂಗಳು ಎರಡು. ಇಷ್ಟೊಂದು ಮುಲಾಮು ಖರ್ಚಾಗುತ್ತಿದೆಯಲ್ಲ ಎಂದು ಅವ್ವನ ಹತ್ತಿರ ಕೂತು ಕೇಳಿದೆ: "ಅವ್ವಾ, ಬೆನ್ನು ನೋವು ಹೆಂಗದ?"

"ನನ್ನ ಬೆನ್ನಿಗೇನಾಗ್ಯಾದ? ಛಲೋನೇ ಅದ."

ಮುಲಾಮಿನ ವಾಸನೆ ಅವ್ವನ ಕೋಣೆಯಲ್ಲಿ ಇರುತ್ತಿರಲಿಲ್ಲ, ಅಡುಗೆಮನೆಯಲ್ಲಿ ಇರುತ್ತಿತ್ತು. ಹೆಂಡತಿ ಟವೆಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ವಾಸನೆ ಮೂಗಿಗೆ ಬಡಿದಿತ್ತು, ಟವೆಲನ್ನು ಕಣ್ಣಾರೆ ನೋಡಿದ್ದೆ. ಆದರೂ ಅವ್ವನ ಮಾತು ಕೇಳಿ ನಾನು ಮಾಡಿದ್ದೇನು ಗೊತ್ತೇ? ಇಷ್ಟು ಒಳ್ಳೆಯ ಮುಲಾಮು ಇನ್ನೊಂದಿಲ್ಲ ಎಂದು ವಾರ್ಡಿನ ಹತ್ತು ಮಂದಿಗೆ ಅದರ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ.

೫. ಹಿಂದಿನ ಸಾಲು

ಕಳೆದ ತಿಂಗಳು ಭೀಮರಾಯನಗುಡಿಯಲ್ಲಿ ಒಂದು ಕ್ಯಾಂಪು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದೇ ಕರೆದದ್ದು. ಸಭಾಂಗಣದ ತುಂಬ ಹೆಣ್ಣುಮಕ್ಕಳು. ವೇದಿಕೆಯ ಮೇಲೆ ಒಂದು ಮಂಚ, ಒಂದು ಕೌದಿ, ನಾನು, ನನ್ನ ಕೈಯಲ್ಲಿ ಮೈಕು. ಮುಂದಿನ ಸಾಲಿನಲ್ಲಿ ಈಗ ನಿವೃತ್ತರಾಗಿರುವ ನನ್ನ ಹಿರಿಯ ಸಿಸ್ಟರು.

ಆವತ್ತು ಮಾತು ಚೆನ್ನಾಗಿ ಬರುತ್ತಿತ್ತು. ಹಪ್ಪಳದ ಅಜ್ಜಿಯ ಕಥೆ ಹೇಳಿ ನಗಿಸಿದೆ. ಮಂಚ ತಗ್ಗಾಗಿದ್ದರೆ ನಾಲ್ಕು ಕಾಲಿನ ಕೆಳಗೆ ಇಟ್ಟಿಗೆ ಇಡಿ, ಒಬ್ಬರೇ ಎಂದೂ ಎತ್ತಬೇಡಿ ಎಂದೆಲ್ಲ ಹೇಳಿ, "ಯಾರ ಯಾರ ಟೊಂಕ ನೋಯ್ತದ, ಕೈ ಎತ್ರಿ" ಎಂದೆ. ತುಂಬ ಕೈ ಎದ್ದವು. ಕೊನೇ ಸಾಲಿನಲ್ಲಿ ಒಬ್ಬಾಕೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಅರ್ಧ ಕೈ ಎತ್ತಿದಳು.

"ಹಿಂದಿನ ಸಾಲಿನ ತಾಯಿ, ನಾಚಬ್ಯಾಡ್ರಿ, ಎದ್ದು ನಿಂದರ್ರಿ. ಮನ್ಯಾಗ ಯಾರಿಗೆ ಆರಾಮಿಲ್ಲ?"

"ಅತ್ತಿಗ್ರಿ."

"ಮಗ್ಗಲ ಯಾರು ಬದಲಸ್ತಾರ?"

"ನಾ ಒಬ್ಬಾಕಿನ."

ದನಿ ಎಲ್ಲೋ ಕೇಳಿದಂತಿತ್ತು. ಆದರೆ ಮೈಕು ಕೈಗೆ ಬಂದರೆ ನನಗೆ ನನ್ನ ದನಿ ಬಿಟ್ಟು ಬೇರೆ ಯಾವುದೂ ಕೇಳಿಸುವುದಿಲ್ಲ.

"ಯಾಕವಾ? ಮನ್ಯಾಗ ಗಂಡಸರು ಇಲ್ಲೇನು?"

"ಅದಾರ್ರಿ."

ನಾನು ಸಭೆಯ ಕಡೆ ತಿರುಗಿದೆ. "ಕೇಳಿದ್ರೇನು? ಗಂಡಸರು ಅದಾರಂತ! ಎಂಥ ಗಂಡಸರ್ರಿ ಅವ್ರು? ಹೆಂಡತಿ ಟೊಂಕ ಮುರಿಯೋ ತನಕ ಒಂದು ಕೈ ಹಚ್ಚಂಗಿಲ್ಲಂದ್ರ ಅವರಿಗೆ ನಾಚಿಕಿ ಬ್ಯಾಡೇನು? ಹೇಳವಾ, ದಿನಾ ಏನು ಮಾಡ್ತಾರ ಅವ್ರು?"

"ಊರೂರು ತಿರುಗಿ ಇದನ್ನ ಪಾಠ ಹೇಳ್ತಾರ್ರಿ."

ಆಕೆ ಸೆರಗು ಸರಿಸಿದಳು. ನನ್ನ ಹೆಂಡತಿ.

ಸಭೆಯೆಲ್ಲ ಅವಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ತಿರುಗಿತು. ಆಮೇಲೆ ಎದ್ದ ನಗೆಗೆ ಕಿಟಕಿಯ ಪಾರಿವಾಳ ಹಾರಿದವು. ನಾನು ಮೈಕು ಬಾಯಿಗೆ ಹಿಡಿದೇ, "ನೀ ಯಾವಾಗ ಬಂದಿ?" ಎಂದೆ. ಅದೂ ಎಲ್ಲರಿಗೂ ಕೇಳಿಸಿತು.

"ಪಕ್ಕದ ಮನಿ ಅಕ್ಕನ್ನ ಅತ್ತಿ ಹಂತ್ಯಾಕ ಕೂಡಿಸಿ ಬಂದೀನಿ. ಮನ್ಯಾಗ ಕೇಳಬೇಕಂದ್ರ ನೀವು ಇರಂಗಿಲ್ಲ. ಇಲ್ಲಿ ಬಂದವರಿಗೆಲ್ಲಾ ಹೇಳ್ತೀರಂತಲ್ಲ, ನಾನೂ ಕೇಳೋಣಂತ ಬಂದೆ."

"ಆ ಮುಲಾಮು?"

"ನನಗ್ರಿ."

ಸಿಸ್ಟರು ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಹೆಂಡತಿಯನ್ನು ವೇದಿಕೆಗೆ ಕರೆದು, ಅವಳ ಬೆನ್ನು ಒತ್ತಿ ನೋಡಿದರು. ಸೊಂಟದ ಒಂದು ಕಡೆ ಮುಟ್ಟಿದರೆ ಅವಳು ಹಲ್ಲು ಕಚ್ಚುತ್ತಿದ್ದಳು. ಮಾರನೇ ದಿನ ಡಾಕ್ಟರ್, "ಇನ್ನೆರಡು ತಿಂಗಳು ಹಿಂಗ ನಡದಿದ್ರ ನಿಮ್ಮ ಮನ್ಯಾಗ ಎರಡನೇ ಮಂಚ ಹಾಕಬೇಕಾಗ್ತಿತ್ತು" ಎಂದರು. ಕಂಡಕ್ಟರನನ್ನು ಒಂದೇ ಸಲ ಎತ್ತಿದ ನನ್ನ ಸೊಂಟಕ್ಕೆ ವಾರ್ಡಿನ ಹಾಸಿಗೆ ಸಿಕ್ಕಿತು. ಎಂಟು ತಿಂಗಳು ನನ್ನ ಅವ್ವನನ್ನು ಎತ್ತಿದವಳಿಗೆ ಒಂದು ಟವೆಲು ಸಿಕ್ಕಿತು. ಅವತ್ತು ನನಗಾದ ನಾಚಿಕೆಗೆ ಯಾವ ಮುಲಾಮೂ ಇಲ್ಲ.

ಕ್ಯಾಂಪಿನ ದಿನವೇ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಶಹಾಪುರದಲ್ಲಿ ಇಳಿದು ಇಟ್ಟಿಗೆ ತಂದೆ. ಅಕ್ಕಪಕ್ಕದವರನ್ನು ಕರೆದು ಅವ್ವ ಮಲಗಿದ್ದ ಮಂಚವನ್ನು ನಿಧಾನಕ್ಕೆ ಎತ್ತಿಸಿ, ನಾಲ್ಕೂ ಕಾಲಿಗೆ ಇಟ್ಟಿಗೆ ಇಟ್ಟೆ. ಅವ್ವನ ಕೆಳಗೆ ಅವಳೇ ಹೊಲಿದಿದ್ದ ಕೌದಿ ಹಾಸಿದೆವು. ಸಂಜೆ ಐದರ ಹೊತ್ತಿಗೆ ಮಗ್ಗಲು ಬದಲಿಸುವ ಸಮಯ, ಅದಕ್ಕೂ ಮೊದಲು ಕೆಳಗೆ ಜಾರಿದ್ದ ಅವಳನ್ನು ಮೇಲೆ ಸರಿಸಬೇಕು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗೋಡೆಯ ಕಡೆ ಹೆಂಡತಿ ನಿಂತಳು, ಈ ಕಡೆ ನಾನು. ಮೂರಕ್ಕೆ ಜಗ್ಗುವುದೆಂದು ಮೊದಲೇ ಮಾತಾಯಿತು. ಎಣಿಕೆ ಹೆಂಡತಿಯದು.

"ಒಂದು, ಎರಡು, ಮೂರು."

ಅವ್ವ ಹಗುರವಾಗಿ ಮೇಲೆ ಸರಿದಳು. ನಾನು ಅವಳ ಬೆನ್ನಿಗೆ ದಿಂಬು ಕೊಟ್ಟೆ. ಅವ್ವ ಗೋಡೆಯ ಕಡೆಗೇ ಮುಖವಿಟ್ಟು ಕೇಳಿದಳು:

"ಇವತ್ತ ಆ ಕಡಿ ಯಾರವಾ? ಕೈ ಹೊಸದು ಇದ್ದಂಗ ಅದ."

ಹೆಂಡತಿ ನನ್ನನ್ನು ಒಮ್ಮೆ ನೋಡಿದಳು.

"ಟೊಂಕದ ಮಾಸ್ತರ ಬಂದಾರ್ರಿ ಅತ್ತಿ."

"ಹೌದಾ? ಪಾಪ, ಮಂದಿ ಮನಿ ತಿರುಗಿ ತಿರುಗಿ ದಣದಿರತಾರ. ಚಾ ಕುಡಿಸಿ ಕಳಸವಾ" ಎಂದ ಅವ್ವ, ದನಿ ತಗ್ಗಿಸಿದಳು. "ಹೋಗೋದ್ರಾಗ ನಮ್ಮ ಹುಡುಗಗೂ ಒಂದೀಟು ಕಲಿಸಿ ಹೋಗ್ರಿ ಅನ್ನು."